ಕಾಕಾನ ಕಚೇರಿ ಅರಿವಿ

ಒದ್ದೆ ಬಟ್ಟೆಯ ಮೇಲೆ ಕೆಂಡದ ಇಸ್ತ್ರಿ ಎಳೆದಾಗ ಏಳುವ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಸ್ವಲ್ಪ ಗಂಜಿ, ಸ್ವಲ್ಪ ಇದ್ದಿಲು, ಅದರಡಿಗೆ ಎಷ್ಟು ಒಗೆದರೂ ಹೋಗದ ಮೈಬೆವರು. ಬೀದರಿನ ನಮ್ಮ ಓಣಿಯ ಮೂಲೆಯಲ್ಲಿ ಈಗಲೂ ಒಬ್ಬಾತ ಬಂಡಿಯ ಮೇಲೆ ಅಂಥ ಇಸ್ತ್ರಿ ಇಟ್ಟುಕೊಂಡಿದ್ದಾನೆ. ನಾನು ಮುದುಕಿ, ಕಾಯಿಪಲ್ಲೆ ತರುವ ನೆಪ ಮಾಡಿ ಅಲ್ಲಿ ನಿಲ್ಲುತ್ತೇನೆ. ಸುಮ್ಮನೆ ನಿಂತೆ ಅನ್ನಲು ನಾಚಿಕೆಯಾಗಿ ಒಮ್ಮೆ ಮೈ ಒರೆಸುವ ಟವೆಲ್ಲನ್ನೇ ಇಸ್ತ್ರಿಗೆ ಕೊಟ್ಟೆ. ಸೊಸೆ ಇನ್ನೂ ನಗುತ್ತಾಳೆ, ನಗಲಿ. ಆ ವಾಸನೆಯೊಳಗೆ ಭಾಲ್ಕಿಯ ನಮ್ಮ ಮನೆ ಇದೆ. ಕೋಟೆಯ ಬಾಗಿಲ ಹತ್ತಿರದ ಓಣಿ, ಬೀದಿಗೆ ಚಾಚಿದ ಕಲ್ಲಿನ ಕಟ್ಟೆ, ಹಗಲಲ್ಲೂ ದೀಪ ಬೇಡುವ ನಡುಮನೆ. ಈಗ ಅಲ್ಲಿ ಕಟ್ಟೆಯೂ ಇಲ್ಲ, ಮನೆಯೂ ಇಲ್ಲ. ಯಾರದೋ ಮೂರಂತಸ್ತಿನ ಕಟ್ಟಡವಿದೆ. ನಿಮ್ಮದೂ ಅಂಥದೊಂದು ಮನೆ ಹೋಗಿರಬೇಕು, ಇಲ್ಲದಿದ್ದರೆ ಇದನ್ನು ಓದುತ್ತ ಯಾಕೆ ಕೂತಿರುತ್ತಿದ್ದಿರಿ?

ಆ ಮನೆಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲಿಗ ಅಪ್ಪನ ತಮ್ಮ, ಶರಣಪ್ಪ ಕಾಕಾ. ನಿಜಾಮರ ರಾಜ್ಯದ ಕೊನೆಯ ದಿನಗಳವು, ಕೊನೆ ಎಂದು ಆಗ ಯಾರಿಗೆ ಗೊತ್ತಿತ್ತು! ಕಾಕಾ ಉರ್ದು ಸಾಲಿಯಲ್ಲಿ ಓದಿದವನು, ಅಕ್ಷರ ಮುತ್ತು ಪೋಣಿಸಿದಂತಿದ್ದವು. ಔರಾದದ ಕಚೇರಿಯಲ್ಲಿ ಕಾಗದ ಬರೆಯುವ ಕೆಲಸ ಸಿಕ್ಕಿತೆಂದಾಗ ಅಪ್ಪ ತನ್ನ ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದ. ಬೆಲ್ಲ ಕರಗುವ ಮೊದಲೇ ಅರಿವಿಯ, ಅಂದರೆ ಬಟ್ಟೆಯ ಚಿಂತೆ ಶುರುವಾಯಿತು. ಕಚೇರಿಗೆ ಹೋಗುವವನಿಗೆ ಕೊರಳತನಕ ಗುಂಡಿ ಹಾಕುವ ಕರಿ ಶೇರವಾನಿ ಬೇಕು, ಬಿಗಿ ಪಾಯಜಾಮ ಬೇಕು, ಕೆಂಪು ರೂಮಿ ಟೋಪಿ ಬೇಕು, ಕಾಲಿಗೆ ಬೂಟು ಬೇಕು. ನಮ್ಮ ಮನೆಯಲ್ಲಿದ್ದದ್ದು ಧೋತರ, ಅಂಗಿ, ರುಮಾಲು. ಬೀದರಿನ ಅಂಗಡಿಯಲ್ಲಿ ಹೊಸದು ಕೊಳ್ಳುವ ಮಾತು ಎತ್ತಿದವನೂ ಅಪ್ಪನೇ, ಬೆಲೆ ಕೇಳಿ ಬಂದು ಆ ಮಾತು ಬಿಟ್ಟವನೂ ಅಪ್ಪನೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಅವ್ವ ಒಳಗಿನಿಂದ ಅಂದಳು. ಅದಕ್ಕೆ ಕಾಕಾ, ಕಾಲು ಚಾಚೋದಿರಲಿ ವೈನಿ, ಮೊದಲು ಕಾಲಿಗೆ ಪಾಯಜಾಮ ಹುಡುಕು ಅಂದ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತನ್ನ ಪೆಟ್ಟಿಗೆ ತೆಗೆದಳು. ಬೇವಿನ ಎಲೆಯ ನಡುವೆ ಅವಳ ಚಂದ್ರಕಾಳಿ ಸೀರೆ ಮಲಗಿತ್ತು. ಕಾಡಿಗೆಯಂಥ ಕಪ್ಪು, ಅಂಚಿಗೆ ಜರಿ. ಅಜ್ಜ ತೀರಿದ ಮೇಲೆ ಅವಳು ಅದನ್ನು ಉಟ್ಟಿರಲಿಲ್ಲ, ಉಡುವಂತೆಯೂ ಇರಲಿಲ್ಲ. ಎದುರುಮನೆಯ ದರ್ಜಿ ಇಮಾಮ ಚಾಚಾನನ್ನು ಕರೆಸಿ ಅವನ ಮುಂದೆ ಹಾಸಿದಳು. ಚಾಚಾ ಒಂಟಿ ಮನುಷ್ಯ, ಹೆಂಡತಿ ತೀರಿದ್ದಳು, ಒಬ್ಬಳೇ ಮಗಳು ಬೀದರಿನಲ್ಲಿ ಗಂಡನ ಮನೆಯಲ್ಲಿದ್ದಳು. ಬಿಳಿ ಗಡ್ಡ, ಕೊರಳಲ್ಲಿ ಸದಾ ಅಳತೆಪಟ್ಟಿ. ಸೀರೆಯನ್ನು ಮುಟ್ಟಿ ನೋಡಿ ಕೈ ಹಿಂದೆ ತೆಗೆದುಕೊಂಡ.

"ಇದಕ್ಕ ಕತ್ರಿ ಹಚ್ಚಲಾಕ ನನ್ನ ಕೈ ಏಳವಲ್ದರಿ ಆಯಿ."

"ಪೆಟಗಿದಾಗ ಹುಳಾ ತಿನ್ನೋದ್ಕಿಂತ ನನ್ನ ಮಗನ ಮೈಮ್ಯಾಲ ಹರೀಲಿ. ಹಚ್ಚು."

ಹೀಗೆ ಆಯಿಯ ಸೀರೆ ಕಾಕಾನ ಶೇರವಾನಿಯಾಯಿತು. ಬಟ್ಟೆ ತೆಳುವಾಗಿತ್ತೆಂದು ಚಾಚಾ ಒಳಗೆ ಮಾದರಪಾಟಿನ, ಅಂದರೆ ದಪ್ಪ ಹತ್ತಿ ಬಟ್ಟೆಯ ಅಸ್ತರು ಕೊಟ್ಟ. ಅಜ್ಜನ ಧೋತರಗಳು ಪಾಯಜಾಮಗಳಾದವು. ರೂಮಿ ಟೋಪಿಯನ್ನು ಯಾರೋ ಬಳಸಿಬಿಟ್ಟದ್ದನ್ನು ಕಾಕಾ ಬೀದರಿನಿಂದ ತಂದ. ಅದು ದೊಡ್ಡದಾಗಿ ಅವನ ಕಿವಿಯ ಮೇಲೆ ಇಳಿಯುತ್ತಿತ್ತು, ಒಳಗೆ ನನ್ನ ಹಳೆಯ ಲಂಗದ ಚಿಂದಿ ಸುತ್ತಿ ಕೂರಿಸಿದರು. ಬೂಟು ಅಪ್ಪನ ಮದುವೆಯವು, ಮುಂದೆ ಹತ್ತಿ ತುರುಕಿದ್ದು. ಎಲ್ಲ ತೊಟ್ಟು ಕಾಕಾ ಪಡಸಾಲೆಯಲ್ಲಿ ನಿಂತಾಗ ಅವ್ವ ಸೆರಗು ಬಾಯಿಗೊತ್ತಿ ನಕ್ಕಳು, ಆಯಿ ಉಪ್ಪು ಇಳಿಸಿ ಒಲೆಗೆ ಹಾಕಿದಳು. ಬಿಸಿಲಿಗೆ ನಿಂತರೆ ಜರಿ ಬಿಚ್ಚಿದ ಜಾಗ ಎದೆಯ ಮೇಲೆ ಗೆರೆಯಾಗಿ ಕಾಣುತ್ತಿತ್ತು. ಅದು ಗೊತ್ತಿದ್ದವರು ನಾವು ಮನೆಯವರು ಮಾತ್ರ. ಇದ್ದದ್ದು ಒಂದೇ ಶೇರವಾನಿ, ಆಗ ಕಚೇರಿಗೆ ರಜೆ ಶುಕ್ರವಾರ. ಗುರುವಾರ ಸಂಜೆ ಕಾಕಾ ಔರಾದದಿಂದ ಎತ್ತಿನ ಗಾಡಿಯಲ್ಲಿ ಕಮಲನಗರಕ್ಕೆ ಬಂದು, ರೈಲು ಹಿಡಿದು ಭಾಲ್ಕಿಗೆ ಇಳಿಯುತ್ತಿದ್ದ. ಮರುದಿನ ಶೇರವಾನಿ ಒಗೆದು, ಪೂರಾ ಆರುವ ಮೊದಲೇ ಚಾಚಾನ ಕಡೆಯಿಂದ ಇಸ್ತ್ರಿ ಮಾಡಿಸುತ್ತಿದ್ದೆವು. ಕೆಂಡ ಊದುವ ಕೆಲಸ ನನ್ನದು.

ಆಮೇಲೆ ದಿನ ಕೆಟ್ಟವು. ಆ ವರ್ಷ ಮೈಮೇಲಿನ ಬಟ್ಟೆಯೇ ಮನುಷ್ಯನ ಜೀವ ಕಾಯಬೇಕಿತ್ತು, ಅದೇ ಜೀವ ತೆಗೆಯಲೂಬಹುದಿತ್ತು. ಧೋತರ ಉಟ್ಟು ಬಿಳಿ ಖಾದಿ ಟೋಪಿ ಇಟ್ಟವನನ್ನು, ನಿಜಾಮರ ಪರ ಬಂದೂಕು ಹಿಡಿದ ರಜಾಕಾರರು ದಾರಿಯಲ್ಲಿ ತಡೆಯುತ್ತಿದ್ದರು. ಶೇರವಾನಿ ತೊಟ್ಟವನನ್ನು ಕಂಡರೆ ಹಳ್ಳಿಯ ನಮ್ಮವರೇ ಕದ ಹಾಕಿಕೊಳ್ಳುತ್ತಿದ್ದರು. ಕಾಕಾ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಔರಾದದಿಂದ ಶೇರವಾನಿಯಲ್ಲಿ ಹೊರಟು, ಊರು ಬಿಟ್ಟ ಮೇಲೆ ಯಾವುದೋ ಜೋಳದ ಹೊಲದಲ್ಲಿ ಕೂತು ಧೋತರ ಉಟ್ಟುಕೊಂಡು, ಸ್ಟೇಷನ್ನು ಕಂಡೊಡನೆ ಮತ್ತೆ ಶೇರವಾನಿ ಏರಿಸುತ್ತಿದ್ದ. ಎರಡೂ ವೇಷ ಒಂದೇ ಗಂಟಿನಲ್ಲಿ ಇರುತ್ತಿದ್ದವು. ಭಾಲ್ಕಿಯಲ್ಲಿ ಅವನ ಜೊತೆ ಆಡಿದವರು ಅವನನ್ನು ಕಂಡು ಮುಖ ತಿರುಗಿಸಿದರು, ಶರಣಪ್ಪ ಅವರ ಪೈಕಿ ಆದ ಅಂದರು. ನೌಕರಿ ಬಿಟ್ಟುಬಿಡು ಅಂತ ಅವ್ವ ಅತ್ತಳು. ಬಿಟ್ಟರೆ ಯಾಕೆ ಬಿಟ್ಟೆ ಅಂತ ಕಚೇರಿಯವರು ಕೇಳುತ್ತಾರೆ, ಆಗ ಇಡೀ ಮನೆಯ ಮೇಲೆ ಕಣ್ಣು ಬೀಳುತ್ತದೆ ಅಂದ ಕಾಕಾ. ನಮಗೂ ಹೊರಗೆ ಹೋಗುವಂತಿರಲಿಲ್ಲ. ಕಿಟಕಿ ಮುಚ್ಚಿ, ನಡುಮನೆಯಲ್ಲಿ ಜೋಳದ ಚೀಲಗಳಿಗೆ ಒರಗಿ ಕೂತು ನಾನು ಬೀದಿಯ ಸಪ್ಪಳ ಕೇಳುತ್ತಿದ್ದೆ. ಆಡುವ ವಯಸ್ಸಿನಲ್ಲಿ ನಾನು ಕಲಿತದ್ದು ಕೆಮ್ಮು ನುಂಗುವುದನ್ನು.

ಆಗ ಚಾಚಾ ಒಂದು ಕೆಲಸ ಮಾಡಿದ. ತನ್ನ ಹೊಲಿಗೆ ಯಂತ್ರವನ್ನು ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟ. ಅವನ ಅಂಗಡಿಯಲ್ಲಿ ಬೆಳಕು ಸಾಲದು ಅಂತ ನೆಪ ಹೇಳಿದ. ಅಂಗಡಿಯ ಬೆಳಕಿಗೆ ಇಷ್ಟು ವರ್ಷ ಏನೂ ಆಗಿರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬೆಳಗಿನಿಂದ ಕತ್ತಲಾಗುವತನಕ ಅವನು ಅಲ್ಲಿ ಯಂತ್ರ ತುಳಿಯುತ್ತ ಕೂತ. ಕೈಯಲ್ಲಿ ಬಂದೂಕು ಹಿಡಿದು ಓಣಿಯಲ್ಲಿ ಅಡ್ಡಾಡುವವರು ಅವನಿಗೆ ಸಲಾಂ ಹೇಳಿ ಮುಂದೆ ಹೋದರು. ನಮ್ಮ ಬಾಗಿಲನ್ನು ಯಾರೂ ಬಡಿಯಲಿಲ್ಲ. ಒಳಗೆ ನಮಗೆ ಯಂತ್ರದ ಟಕಟಕ ಕೇಳುತ್ತಿರುವ ತನಕ ಧೈರ್ಯ.

ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದುಸ್ಥಾನದ ಫೌಜು ಬಂತು. ಜನ ಅದನ್ನು ಪೋಲೀಸ್ ಆ್ಯಕ್ಷನ್ ಅಂದರು. ನಮ್ಮ ಕಿಟಕಿಗಳು ತೆರೆದವು, ನಾನು ಬೀದಿಗೆ ಓಡಿದೆ. ಅದೇ ದಿನಗಳಲ್ಲಿ ಚಾಚಾನ ಬಾಗಿಲು ಮುಚ್ಚಿತು. ಸುತ್ತಿನ ಹಳ್ಳಿಗಳಿಂದ ಬಂದ ಸುದ್ದಿಯನ್ನು ದೊಡ್ಡವರು ನಮ್ಮೆದುರು ಹೇಳುತ್ತಿರಲಿಲ್ಲ. ಆದರೆ ಬಾವಿಯ ನೀರು ಕುಡಿಯಬೇಡಿ ಅಂದರೆ ಮಕ್ಕಳಿಗೂ ಅರ್ಥವಾಗುತ್ತದೆ. ಕೊಲ್ಲುವವರಲ್ಲಿ ಎಲ್ಲಿಂದಲೋ ಬಂದವರೂ ಇದ್ದರು, ನಮ್ಮೂರವರೂ ಇದ್ದರು. ಗಡ್ಡ ನೋಡಿ, ಬಟ್ಟೆ ನೋಡಿ ರಜಾಕಾರರ ಲೆಕ್ಕ ತೀರಿಸುತ್ತಿದ್ದರು. ಆಯಿ ತಾನೇ ಬೀದಿ ದಾಟಿ ಹೋಗಿ ಚಾಚಾನ ಕೈ ಹಿಡಿದು ಕರೆದುಕೊಂಡು ಬಂದು ನಡುಮನೆಯಲ್ಲಿ ಕೂರಿಸಿದಳು. ನಾನು ಒರಗುತ್ತಿದ್ದ ಜೋಳದ ಚೀಲಕ್ಕೆ ಈಗ ಅವನು ಒರಗಿದ.

ಕಚೇರಿಗಳು ಮತ್ತೆ ತೆರೆಯುತ್ತವೆ, ಹಳಬರು ಬಂದು ಹಾಜರಾಗಬೇಕು ಅಂತ ಡಂಗುರವಾಯಿತು. ಶೇರವಾನಿ ತೊಡಬಾರದು ಅಂತ ಯಾರೂ ಹುಕುಂ ಕೊಟ್ಟಿರಲಿಲ್ಲ, ಆದರೆ ಆ ದಿನ ಅದನ್ನು ತೊಟ್ಟು ರಸ್ತೆಗಿಳಿಯಲು ಯಾರಿಗೆ ಎದೆಯಿತ್ತು? ಕಾಕಾನಿಗೆ ಮತ್ತೆ ಕಚೇರಿ ಅರಿವಿ ಹೊಂದಿಸಬೇಕಾಯಿತು. ಅಪ್ಪ ಅಂಗಡಿಯ ಗಿರಾಕಿಯಿಂದ ಬಿಳಿ ಖಾದಿ ತಂದ. ಚಾಚಾ ನಡುಮನೆಯಲ್ಲಿ ಕೂತು, ಯಂತ್ರದ ಸಪ್ಪಳ ಬೇಡವೆಂದು ಬರೀ ಕೈಸೂಜಿಯಲ್ಲಿ ಕೋಟು ಹೊಲಿದ. ಕೋಟು, ಟೋಪಿ, ಹೊಸ ಧೋತರ. ಹೊಲಿಯುತ್ತ ಹೊಲಿಯುತ್ತ ನನ್ನ ಕೈಯಿಂದ ಸೂಜಿಗೆ ದಾರ ಪೋಣಿಸಿಕೊಂಡು, ತನ್ನ ಮಗಳು ಸಣ್ಣವಳಿದ್ದಾಗ ಹೀಗೇ ಮಾಡುತ್ತಿದ್ದಳು ಅನ್ನುತ್ತಿದ್ದ. ಅವಳ ಸುದ್ದಿ ಇರಲಿಲ್ಲ. ಬದುಕಿದ್ದಾಳೋ ಇಲ್ಲವೋ ಗೊತ್ತಿರಲಿಲ್ಲ. ಕೋಟಿಗೆ ಕೊನೆಯ ಗುಂಡಿ ಹಾಕಿದ ದಿನ ಬೀದರಿಗೆ ಹೋಗುತ್ತೇನೆ ಅಂದ. ಆಯಿ ಬೈದಳು, ಬೇಡಿದಳು, ಇನ್ನೂ ನಾಲ್ಕು ದಿನ ನಿಲ್ಲು ಅಂದಳು. ಅವನ ಒಂದೇ ಮಾತು: "ಇಲ್ಲಿ ಕುಂತ್ರ ನಾ ಉಳಿತೇನ್ರಿ ಆಯಿ. ಖರೆ ಉಳದು ಏನ್ ಮಾಡ್ಲಿ?"

ಅಪ್ಪ ಬಚ್ಚಲಲ್ಲಿ ಕೂರಿಸಿ ಅವನ ಗಡ್ಡ ತೆಗೆದ. ಚಾಚಾ ಕಣ್ಣು ಮುಚ್ಚಿಕೊಂಡಿದ್ದ. ಗಡ್ಡವಿದ್ದ ಜಾಗದ ಚರ್ಮ ಕೂಸಿನ ಚರ್ಮದಂತೆ ಬೆಳ್ಳಗಿತ್ತು. ಆಯಿ ವಿಭೂತಿ ಹಿಡಿದು ಅನುಮಾನಿಸಿದಳು, ಅವನೇ ಹಣೆ ಮುಂದೆ ಮಾಡಿದ. ಇನ್ನು ಬಟ್ಟೆ. ಅಪ್ಪ ತನ್ನ ಹಳೆಯ ಧೋತರ, ಒಂದು ಕಂಬಳಿ ತಂದು ಇಟ್ಟ. ಆಯಿ ಅದನ್ನು ಕೈಯಿಂದ ಸರಿಸಿದಳು. ನಮ್ಮ ಕಡೆ ಮನೆಯಲ್ಲಿ ಉಂಡವರನ್ನು ದಾರಿಗೆ ಕಳಿಸುವಾಗ ಹೊಸ ಬಟ್ಟೆ ಉಡಿಸಿ ಕಳಿಸುವುದು ರಿವಾಜು. ಅದಕ್ಕೆ ಆಯೇರು ಅನ್ನುತ್ತೇವೆ. ಉಟ್ಟು ಬಿಟ್ಟದ್ದನ್ನು ಕೊಡುವುದು ಭಿಕ್ಷುಕರಿಗೆ. ನಮ್ಮ ಮನೆ ಕಾದವನಿಗೆ ಹಳೇ ಅರಿವಿ ಉಡಿಸಿ ಕಳಿಸಿದರೆ ನನಗೆ ಸತ್ತ ಮೇಲೂ ಸಮಾಧಾನವಿಲ್ಲ ಅಂದಳು. ಕಾಕಾ ಎದ್ದು ತನ್ನ ಹೊಸ ಕೋಟು, ಟೋಪಿ, ಧೋತರ ತಂದುಕೊಟ್ಟ. ಆಯಿ ರಿವಾಜಿನಂತೆ ಮೂಲೆಗೆ ಅರಿಶಿನ ಹಚ್ಚಿದಳು. ನಾನು ಕೆಂಡ ಊದಿದೆ, ಚಾಚಾ ತಾನೇ ಹೊಲಿದ ಕೋಟಿಗೆ ತಾನೇ ಇಸ್ತ್ರಿ ಎಳೆದ. ತೊಟ್ಟು ನಿಂತಾಗ ಗಂಭೀರವಾಗಿ, ಮದುವೆಗೆ ಹೊರಟ ಹಿರಿಯನಂತೆ ಕಂಡ. ಚೆಂದ ಕಂಡ. ಅದೇ ತಪ್ಪಾಯಿತು. ಊರೂರಲ್ಲಿ ಹೊಗೆ ಏಳುತ್ತಿದ್ದ ಆ ದಿನಗಳಲ್ಲಿ, ಗರಿ ಮುರಿಯದ ಬಟ್ಟೆ ತೊಟ್ಟು ಒಬ್ಬನೇ ಪ್ರಯಾಣ ಮಾಡುವ ಮುದುಕ ಯಾರ ಕಣ್ಣಿಗೆ ಬೀಳುವುದಿಲ್ಲ? ಕಂಬಳಿ ಹೊದ್ದಿದ್ದರೆ ಅವನು ಯಾರೋ ಒಬ್ಬ ಒಕ್ಕಲಿಗನಾಗಿ ಮೂಲೆಯಲ್ಲಿ ಕೂತಿರುತ್ತಿದ್ದ. ಇದು ನಮಗೆ ಆಮೇಲೆ ಹೊಳೆಯಿತು. ಆ ಹೊತ್ತಿಗೆ ಹೊಳೆದದ್ದು ಮರ್ಯಾದೆ ಮಾತ್ರ.

ಕಾಕಾ ಬೀದರಿನ ತನಕ ಬರುತ್ತೇನೆ ಅಂದ. ಚಾಚಾ ಒಪ್ಪಲಿಲ್ಲ. ಕಾಕಾನ ಮೇಲೂ ಜನರ ಸಿಟ್ಟಿತ್ತು, ಜೊತೆಗಿದ್ದರೆ ಇಬ್ಬರೂ ಸಿಗುತ್ತೇವೆ ಅಂದ. ಕಾಕಾ ದೂರದಿಂದಲೇ ಹಿಂಬಾಲಿಸಿ, ಅವನು ರೈಲು ಹತ್ತಿದ್ದನ್ನು ನೋಡಿ ಬಂದ. ಕಿಟಕಿಯ ಹತ್ತಿರ ಕೂತಿದ್ದಾನೆ, ಕೋಟು ಮುದುಡಬಾರದೆಂದು ಬೆನ್ನು ಆನಿಸದೆ ಕೂತಿದ್ದಾನೆ ಅಂತ ಹೇಳಿ ಮನೆಯವರನ್ನು ನಗಿಸಿದ.

ದಸರೆ ಕಳೆದ ಮೇಲೆ ಬೀದರಿನಿಂದ ಎಲೆ ಮಾರುವವನೊಬ್ಬ ಬಂದ. ಚಾಚಾನ ಮಗಳು ಕಳಿಸಿದ್ದಳು. ಅವಳು, ಗಂಡ, ಮಕ್ಕಳು ಎಲ್ಲ ಕ್ಷೇಮವಂತೆ. ಈಗ ದಾರಿ ಶಾಂತವಾಗಿದೆ, ಅಬ್ಬಾನನ್ನು ಯಾವಾಗ ಕಳಿಸುತ್ತೀರಿ ಅಂತ ಕೇಳಿದ್ದಳು. ಆಯಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಆ ಹೊತ್ತಿನ ರೊಟ್ಟಿ ಹಂಚಿನ ಮೇಲೆ ಕರ್ರಗೆ ಸುಟ್ಟಿತು, ಯಾರೂ ತೆಗೆಯಲಿಲ್ಲ.

ಕಾಕಾ ಹುಡುಕಿದ. ಸ್ಟೇಷನ್ನು ಸ್ಟೇಷನ್ನಿಗೆ ಇಳಿದು ಕೇಳಿದ. ನೋಡಿದೆ ಅನ್ನುವವರೂ ಸಿಗಲಿಲ್ಲ, ಸತ್ತ ಅನ್ನುವವರೂ ಸಿಗಲಿಲ್ಲ. ಕಚೇರಿಗೆ ಹಾಜರಾಗುವ ದಿನ ಬಂದಾಗ ಅಪ್ಪ ಮತ್ತೆ ಖಾದಿ ತಂದ, ಬೇರೆ ದರ್ಜಿಯನ್ನೂ ಕರೆತಂದ. ಅವನು ಅಳತೆಪಟ್ಟಿ ಬಿಚ್ಚಿದೊಡನೆ ಕಾಕಾ ಎದ್ದು ಹಿತ್ತಲಿಗೆ ಹೋದ. ಆ ನೌಕರಿ ಹಾಗೇ ಹೋಯಿತು. ಮುಂದೆ ಬದುಕಿರುವ ತನಕ ಅಪ್ಪನ ಅಂಗಡಿಯಲ್ಲಿ ಕೂತ. ಧೋತರ ಉಟ್ಟು ಮೇಲೆ ಒಂದು ಪಂಚೆ ಹೊದೆಯುತ್ತಿದ್ದ, ಹೊಲಿದ ಬಟ್ಟೆ ಮೈಗೆ ತಾಗಿಸಲಿಲ್ಲ. ಚಳಿಗಾಲದಲ್ಲಿ ನಡುಗುತ್ತಿದ್ದ. ನಮಗೆ ಸಿಟ್ಟು ಬರುತ್ತಿತ್ತು, ಹೇಳಿದರೆ ಕೇಳಬೇಕಲ್ಲ. ಆಯಿಯನ್ನು ಅವನು ಒಂದು ದಿನವೂ ದೂರಲಿಲ್ಲ. ಆಯಿಯೂ ಆಮೇಲೆ ಯಾರಿಗೂ ಆಯೇರು ಮಾಡಲಿಲ್ಲ, ನನ್ನ ಮದುವೆಯಲ್ಲೂ.

ನಾನು ಓದಿ, ಬೀದರಿನಲ್ಲಿ ಮಕ್ಕಳ ಸಾಲಿಗೆ ಮಾಸ್ತರಿಣಿಯಾದೆ. ಹೊಸ ನೌಕರಿಗೆ ನಾಲ್ಕು ಕುಬಸ ಹೊಲಿಸಬೇಕಿತ್ತು, ಅಗ್ಗದ ಬಟ್ಟೆ ಆರಿಸಲು ಕಾಕಾನೇ ಜೊತೆಗೆ ಬಂದ. ಚೌಬಾರಾ ಗೋಪುರದ ಹತ್ತಿರದ ದರ್ಜಿ ಅಂಗಡಿಯ ಮುಂದೆ ಬಂದಾಗ ನಿಂತ.

"ನೀ ಒಳಗ ಹೋಗವ್ವ. ನಾ ಇಲ್ಲೇ ನಿಂದ್ರತೇನಿ."

ಅಳತೆ ಕೊಟ್ಟು ಹೊರಗೆ ಬಂದರೆ ಕಾಕಾ ರಸ್ತೆಯ ನಡುವೆ, ಸಂತೆಯ ಜನದೊಳಗೆ ನಿಂತಿದ್ದ. ಸೈಕಲ್ಲಿನವರು ಬೈಯುತ್ತ ಸುತ್ತಿ ಹೋಗುತ್ತಿದ್ದರು. ಬಿಳಿ ಕೋಟು ತೊಟ್ಟ ಮುದುಕರು ಯಾರು ಬಂದರೂ ಕಾಕಾ ಅವರ ಮುಖ ನೋಡುತ್ತಿರಲಿಲ್ಲ. ಬಗ್ಗಿ, ಅವರ ಕೋಟಿನ ಹೊಲಿಗೆ ನೋಡುತ್ತಿದ್ದ.