ಮತ್ತೊಮ್ಮೆ ನೋಡುತ್ತಿದ್ದ ಉಪದೇಶಿಗಳು

ಉಪದೇಶಿಗಳ ಮೇಲ್ತುಟಿ ಹುಟ್ಟುವಾಗಲೇ ಮೂಗಿನವರೆಗೆ ಸೀಳಿತ್ತು. ಯಾರೋ ಡಾಕ್ಟರು ಹೊಲಿದದ್ದು ಒಂದು ಕಡೆಗೆ ಜಗ್ಗಿಕೊಂಡು ನಿಂತಿತ್ತು. ನಮ್ಮ ಸೀಮೆಯಲ್ಲಿ ಗಂಡಸೆಂದರೆ ಮೀಸೆ. ಅವರೂ ಒಂದಿಷ್ಟು ಮೀಸೆ ಬಿಟ್ಟಿದ್ದರೆ ಆ ಹೊಲಿಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಅವರು ದಿನಾ ಬೆಳಿಗ್ಗೆ ನುಣ್ಣಗೆ ಬೋಳಿಸಿಕೊಂಡು, ಬಿಳಿ ಟೋಪಿ ಇಟ್ಟುಕೊಂಡು, ಗೋಕಾಕದ ಬಜಾರದಲ್ಲಿ ಎಲ್ಲರನ್ನೂ ಮಾತಾಡಿಸುತ್ತ ಹೋಗುತ್ತಿದ್ದರು. ಮಾತು ಅರ್ಧ ಮೂಗಿನಿಂದ ಬರುತ್ತಿತ್ತು. ಪ್ರಾರ್ಥನೆ ಹೇಳಿಕೊಡಲು ಆ ಚರ್ಚಿನ ಮಂದಿಗೆ ಬೇರೆ ಯಾರೂ ಸಿಗಲಿಲ್ಲವೇ ಎಂದು ನಾವು ಹುಡುಗಿಯರು ನಗುತ್ತಿದ್ದೆವು. ಆಗ ನನ್ನ ಮುಖ ಚೆನ್ನಾಗಿತ್ತು, ಧಿಮಾಕೂ ಇತ್ತು.

ನಮ್ಮದು ಮರದ ಗೊಂಬೆ ಮಾಡುವ ಮನೆ. ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ. ಗಿರಣಿಯಲ್ಲಿ ದುಡಿಯುತ್ತಿದ್ದ ಕೆಲವು ಕ್ರೈಸ್ತ ಕುಟುಂಬಗಳಿಗೆ ಊರ ಅಂಚಿನಲ್ಲಿ ಒಂದು ಸಣ್ಣ ಚರ್ಚು ಇತ್ತು. ಫಾದರ್ ಬೆಳಗಾವಿಯಿಂದ ಬಂದಾಗ ಬಂದರು, ಇಲ್ಲದಾಗ ಇಲ್ಲ. ಉಳಿದ ದಿನಗಳಲ್ಲಿ ಮಕ್ಕಳಿಗೆ ಜಪ ಕಲಿಸುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಅಂಕಲಗಿಯ ಈ ಉಪದೇಶಿಗಳದೇ. ಅಪ್ಪನ ಜೊತೆ ಚಹಾ ಕುಡಿಯಲು ಬರುತ್ತಿದ್ದರು. ಕುಳಿತರೆ ಒಂದು ಗೊಂಬೆಯನ್ನು ಕೈಗೆತ್ತಿಕೊಂಡು ನೋಡುವುದು, ಕೆಳಗಿಟ್ಟು, "ಮತ್ತೊಮ್ಮಿ ನೋಡೂಣ" ಎಂದು ಮತ್ತೆ ಎತ್ತಿಕೊಳ್ಳುವುದು. ಮರದ ಸೊಟ್ಟ ಬದನೆಕಾಯಿ, ಕಿವಿ ಮುರಿದ ಕತ್ತೆ, ಯಾವುದಾದರೂ ಸರಿ, ಕೊನೆಗೆ ಬರುವ ಮಾತು ಒಂದೇ, "ಚಂದ ಐತಿ."

"ಚಂದ ಇಲ್ಲದ್ದು ಯಾವುದರೆ ಐತೇನ್ರಿ ನಿಮ್ಮ ಕಣ್ಣಿಗೆ?" ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ.

"ಐತಲ್ರಿ. ಇನ್ನೂ ಸರಿಯಾಗಿ ನೋಡದ್ದು."

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿರಬಹುದು, ನನಗೆ ಸಿಡುಬು ಬಂತು. ಅಮ್ಮ ಬಂದಾಳ ಎಂದು ಬೇವಿನ ತಪ್ಪಲಿನ ಮೇಲೆ ಮಲಗಿಸಿದರು. ಜೀವ ಉಳಿಯಿತು. ಮುಖ ಮಾತ್ರ ಗುರುತು ಸಿಗದ ಹಾಗೆ ಆಯಿತು. ಹುಕ್ಕೇರಿಯಲ್ಲಿ ಗೊತ್ತಾಗಿದ್ದ ಸಂಬಂಧದವರು ಒಮ್ಮೆ ಬಂದು ನೋಡಿ, ಚಹಾ ಕುಡಿದು, ಹೇಳದೆ ಕೇಳದೆ ಹೋದರು. ಅಪ್ಪ ಅಂದೇ ಗೋಡೆಯ ಕನ್ನಡಿ ತೆಗೆದಿಟ್ಟ. ಪ್ರೀತಿಯಿಂದಲೇ ತೆಗೆದ, ನನಗೆ ಗೊತ್ತು. ಮೊದಲು ನಾನು ಅಂಗಡಿಯ ಮುಂದೆ ಕುಳಿತು ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದೆ. ಈಗ ಹಿಂದಿನ ಕೋಣೆ ಸೇರಿ, ಹುಣಸೆ ಬೀಜ ಅರೆದು ಅಂಟು ಮಾಡುವ ಕೆಲಸ ಹಿಡಿದೆ. ಹೊರಗೆ ಹೋಗಲೇಬೇಕಾದರೆ ಸೆರಗು ಮೂಗಿನ ಮೇಲೆ. ಅಪ್ಪ ನನ್ನ ಜೊತೆ ಮಾತಾಡುವಾಗ ನನ್ನ ಕೈ ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಹೀಗೇ ಬದುಕು ಮುಗಿಯುತ್ತದೆ ಎಂದು ನಾನೂ ತೀರ್ಮಾನಿಸಿಬಿಟ್ಟಿದ್ದೆ.

ಹಾಗಿರುವಾಗ ಒಂದು ಬೇಸಿಗೆಯಲ್ಲಿ ಉಪದೇಶಿಗಳು ಧೋತರದಲ್ಲಿ ಸುತ್ತಿಕೊಂಡು ಒಂದು ಹಳೆಯ ಮರದ ವಿಗ್ರಹ ತಂದರು. ಸಣ್ಣ ಮಗುವಿನಷ್ಟು ಎತ್ತರ, ಎರಡೂ ಕೈ ಚಾಚಿ ನಿಂತ ಏಸುಸ್ವಾಮಿ. ಬಣ್ಣವೆಲ್ಲ ಉದುರಿತ್ತು. "ಈಸ್ಟರ್ ಹಬ್ಬಕ್ಕ ಬೇಕ್ರಿ. ಸ್ವಾಮಿ ಸತ್ತು ಎದ್ದು ಬಂದ ದಿನ. ಹೊಸದಾಗಿ ಬಣ್ಣ ಹಚ್ಚಿಕೊಡ್ರಿ" ಎಂದು ಹೇಳಿ, ಮೂಡಲಗಿ ಕಡೆಯ ಮನೆಗಳಿಗೆ ಪ್ರಾರ್ಥನೆಗೆ ಹೋದರು.

ಅಪ್ಪ ಅಷ್ಟು ಭಯಭಕ್ತಿಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಉಪದೇಶಿಗಳು ಹಬ್ಬದ ಹಿಂದಿನ ದಿನ ಬಂದಾಗ ವಿಗ್ರಹ ಹೊಳೆಯುತ್ತಿತ್ತು. ಅವರು ನೋಡಿದರು. ಮತ್ತೊಮ್ಮೆ ನೋಡಿದರು. ಚಂದ ಐತಿ ಎನ್ನಲಿಲ್ಲ. ಹಾಗೇ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಕೈಯಾಗ, ಕಾಲಾಗ ತೂತು ಇದ್ವಲ್ರಿ" ಎಂದರು.

"ಹೂಂನ್ರಿ. ಯಾರೋ ಮೊಳಿ ಬಡದು ಹಾಳು ಮಾಡಿದ್ರು. ಪಕ್ಕಡಿಯೊಳಗೂ ಒಂದು ಸೀಳಿತ್ತು. ಎಲ್ಲಾ ಕಟಗಿ ಹೊಟ್ಟು, ಅಂಟು ಕಲಸಿ ತುಂಬೇನಿ. ಹುಡುಕಿದ್ರೂ ಸಿಗೂದಿಲ್ಲ" ಎಂದ ಅಪ್ಪ. ಒಡೆದು ಭಿನ್ನವಾದ ಮೂರ್ತಿ ಪೂಜೆಗೆ ನಡೆಯುವುದಿಲ್ಲ ಎಂಬುದು ನಮ್ಮ ಮನೆಗಳಲ್ಲಿ ಕೂಸಿಗೂ ಗೊತ್ತಿರುವ ಮಾತು. ಆ ತೂತುಗಳನ್ನು ತುಂಬದೆ ಕೊಡುವುದು ಅಪ್ಪನ ಕೈಯಿಂದ ಆಗುವ ಕೆಲಸವೇ ಅಲ್ಲ.

ಉಪದೇಶಿಗಳಿಗೆ ಸಿಟ್ಟು ಬರಲಿಲ್ಲ. ನಿಧಾನವಾಗಿ ಹೇಳಿದರು, "ಅವು ಸ್ವಾಮಿ ಗಾಯದ ಗುರುತ್ರಿ. ಶಿಲುಬಿ ಮ್ಯಾಲ ಖರೇನ ಮೊಳಿ ಬಡದದ್ದು. ಸಾವು ಗೆದ್ದು ಬಂದವರಿಗೆ ಗಾಯ ಮಾಯಿಸ್ಕೊಳ್ಳೂದು ದೊಡ್ಡ ಮಾತಾಗಿರಲಿಲ್ಲ. ಮಾಯಿಸ್ಕೊಳ್ಳಲಿಲ್ಲ ಅವರು. ಇಟ್ಕೊಂಡ ಬಂದ್ರು, ಗೆಳ್ಯಾರಿಗೆ ತೋರಿಸಿದ್ರು. ನಮ್ಮ ದೇವರ ಚಂದ ಅಲ್ಲೇ ಐತಿ. ಅದನ್ನ ತಗದ್ರ ಇದು ಯಾರೋ ಚಲೋ ಮಾರಿಯವ, ಅಷ್ಟ. ತುಂಬಿದ್ದು ತಗೀರಿ."

"ದೇವರ ಮೈಗೆ ಉಳಿ ಹಚ್ಚಿ ತೂತು ಹಾಕೂದು ನನ್ನ ಕಡಿಂದ ಆಗೂದಿಲ್ರಿ. ಬೇಕಾದ್ದು ಹೇಳ್ರಿ, ಇದೊಂದು ಬ್ಯಾಡ."

ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. ಗಾಯವಂತೆ, ಚಂದವಂತೆ. ಹುಕ್ಕೇರಿಯವರಿಗೆ ಯಾಕೆ ಕಾಣಲಿಲ್ಲ ಆ ಚಂದ? ಹೊರಗೆ ಬಂದು ಅವರೆದುರು ಮುಖದ ಮೇಲಿನ ಸೆರಗು ಎಳೆದು ತೆಗೆದೆ.

"ಹೇಳಾಕ ಭಾಳ ಹಗುರ ಐತ್ರಿ. ನನ್ನ ಮಾರಿ ನೋಡಿ ಹೇಳ್ರಿ ಚಂದ ಐತಿ ಅಂತ."

ಅಪ್ಪ ತಲೆ ತಗ್ಗಿಸಿದ. ಉಪದೇಶಿಗಳು ನೋಡಿದರು. ಯಾರೂ ಹಾಗೆ ನೋಡಿರಲಿಲ್ಲ. ಅಯ್ಯೋ ಪಾಪ ಎನ್ನುವ ನೋಟವಲ್ಲ, ನೋಡಿದ್ದು ತಪ್ಪಾಯಿತು ಎಂದು ತಪ್ಪಿಸಿಕೊಳ್ಳುವ ನೋಟವೂ ಅಲ್ಲ. ಬೇಕೆಂದೇ, ಪುರುಸೊತ್ತಿನಿಂದ ನೋಡಿದರು.

"ಬ್ಯಾನಿ ಚಂದ ಅಂತ ನಾ ಹೇಳೂದಿಲ್ಲವ್ವಾ. ಬ್ಯಾನಿ ಬ್ಯಾನೀನ. ಆದ್ರ ನೀ ಅದನ್ನ ದಾಟಿ ಬಂದಾಕಿ. ಅದು ನಿನ್ನ ಮಾರಿ ಮ್ಯಾಲ ಐತಿ. ಅಳಸಿದ್ರ ನೀ ಯಾರಂತ ಗುರುತು ಹಿಡಿಯೂದು ಹೆಂಗ?" ಆಮೇಲೆ ತಮ್ಮ ತುಟಿ ಮುಟ್ಟಿಕೊಂಡರು. "ನಾನೂ ಹರೇದಾಗ ಮೀಸಿ ಬಿಟ್ಟಿದ್ದೆ. ಮಂದಿ ನನ್ನ ಜೋಡಿ ಮಾತಾಡ್ತಿರಲಿಲ್ಲ, ಮೀಸಿ ಬುಡಕ ಏನೈತಿ ಅಂತ ಹುಡುಕ್ತಿದ್ರು. ಬೋಳಿಸಿದ ಮ್ಯಾಲ ಒಮ್ಮಿ ನೋಡ್ತಾರ, ಆಮ್ಯಾಲ ಮಾತಾಡ್ತಾರ."

ಸಿಟ್ಟಿನಲ್ಲಿದ್ದ ನನಗೆ ನಗು ಬಂದುಬಿಟ್ಟಿತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಅಪ್ಪನ ಸಣ್ಣ ಉಳಿ ತೆಗೆದುಕೊಂಡು ಅಲ್ಲೇ ಕುಳಿತೆ. ನಾನೇ ಅರೆದ ಅಂಟು, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಂಗೈ, ಪಾದ, ಪಕ್ಕೆ, ಒಂದೊಂದನ್ನೂ ಬಿಡಿಸಿದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಕೆಂಪು ಬಣ್ಣಕ್ಕೆ ಕೈ ಹಾಕಿದಾಗ ಉಪದೇಶಿಗಳು ತಡೆದರು. "ರಕ್ತ ಬ್ಯಾಡವ್ವಾ. ಇವು ಬ್ಯಾನಿ ಇಳಿದ ಗಾಯ."

ಹೋಗುವಾಗ, "ನಾಳಿ ಮುಂಜಾನಿ ನೀನ ತಗೊಂಡ ಬಾ" ಎಂದರು.

ವಿಗ್ರಹ ಭಾರವಾಗಿತ್ತು, ಎರಡೂ ಕೈ ಬೇಕು. ಸೆರಗು ಹಿಡಿಯಲು ನನಗೆ ಮೂರನೆಯ ಕೈ ಇರಲಿಲ್ಲ. ಬಜಾರ ತಲುಪುವಷ್ಟರಲ್ಲಿ ಅದು ಜಾರಿ ಹೆಗಲಿಗೆ ಬಿತ್ತು. ಬಳೆ ಮಾರುವ ಕಾಕಾ ನೋಡಿದ, ಗಿರಣಿಗೆ ಹೊರಟವರು ನೋಡಿದರು. ನೋಡಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ಇಷ್ಟಕ್ಕೇ ಇಷ್ಟು ದಿನ ಹೆದರಿದ್ದೆನೇ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಚರ್ಚಿನಲ್ಲಿ ಜನ ಸಾಲಾಗಿ ಬಂದು ವಿಗ್ರಹದ ಅಂಗೈಯ ಗಾಯ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಘೋಡಗೇರಿಯಿಂದ ನಡೆದು ಬಂದಿದ್ದ ಒಬ್ಬ ಮುದುಕಿ ಹಾಗೆ ಮುಟ್ಟಿದವಳು, ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, ಅದೇ ಕೈಯಿಂದ ನನ್ನ ಕೆನ್ನೆ ಸವರಿದಳು. "ಭಾಳ ಬ್ಯಾನಿ ತಿಂದಿ ಕೂಸ" ಎಂದಳು. ಸಿಡುಬು ಹೋದಮೇಲೆ ನನ್ನ ಮುಖವನ್ನು ಯಾರೂ ಮುಟ್ಟಿರಲಿಲ್ಲ, ಹಡೆದವ್ವ ಕೂಡ.

ನಾನು ಅವರ ಧರ್ಮಕ್ಕೆ ಸೇರಲಿಲ್ಲ. ಸೇರು ಎಂದು ಉಪದೇಶಿಗಳು ಒಂದು ದಿನವೂ ಅನ್ನಲಿಲ್ಲ. ಮರುದಿನ ನಾನು ಅಂಗಡಿಯ ಮುಂದೆ ಹೋಗಿ ಕುಳಿತು ಕಣ್ಣು ಬರೆಯತೊಡಗಿದೆ. ಅಪ್ಪ ಪಕ್ಕದಲ್ಲಿ ಕುಳಿತು ಒಂದು ಗೊಂಬೆ ಕೆತ್ತಿ ಮುಗಿಸಿದ. ಆಮೇಲೆ ನನ್ನ ಮುಖ ನೋಡಿ, "ಚಹಾ ಕುಡೀತಿಯೇನವ್ವಾ?" ಎಂದು ಕೇಳಿದ.

ಕೆಲವು ವರ್ಷಗಳ ಮೇಲೆ ಚರ್ಚಿನವರು ಉಪದೇಶಿಗಳನ್ನು ಮೂಡಲಗಿಗೆ ಕಳಿಸಿದರು. ಅಲ್ಲೇ ಜ್ವರದಲ್ಲಿ ತೀರಿಕೊಂಡರು. ಸಂತೆಯ ದಿನ ಅಲ್ಲಿಯ ಗಿರಾಕಿಯೊಬ್ಬ ಗೊಂಬೆ ಆರಿಸುತ್ತ ಆ ಸುದ್ದಿ ಹೇಳಿದ. ಮಣ್ಣು ಮಾಡಿ ಆಗಿತ್ತು, ಹೋಗಿಯೂ ಉಪಯೋಗವಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಕಂಡು ಅವ್ವ ಒಳಗೆ ಬಾ ಎಂದು ಕರೆದಳು. ನಾನು ಏಳಲಿಲ್ಲ. ಆ ತುಂಬಿದ ಸಂತೆಗೆ ಮುಖ ಮಾಡಿ ಕುಳಿತು, ಮನಸಾರೆ ಅತ್ತೆ.