ಗವಿಯೊಳಗೆ ಹೋದ ಹುಡುಗಿ

ಯಲಹಂಕದ ಪುಸ್ತಕದಂಗಡಿಯಲ್ಲಿ ನನಗೆ ಕೆಲಸ. ಹೋದ ವಾರ ಒಬ್ಬ ಹೈಸ್ಕೂಲ್ ಹುಡುಗಿಗೆ ಡ್ರ್ಯಾಗನ್ ಕಥೆಯ ಇಂಗ್ಲಿಷ್ ಕಾದಂಬರಿ ತೋರಿಸಿ, “ಕಣ್ಮುಚ್ಚಿಕೊಂಡು ತಗೋಮ್ಮ, ಸೂಪರಾಗಿದೆ” ಅಂದಿದ್ದೆ. ನಿನ್ನೆ ಅದೇ ಪುಸ್ತಕ ಹಿಡಿದು ಅವಳ ಅಜ್ಜಿ ಚಿಕ್ಕಜಾಲದಿಂದ ಬಂದರು. ಮಕ್ಕಳು ಓದಬಾರದ್ದು ಏನಾದರೂ ಒಳಗಿತ್ತೇನೋ ಅಂತ ಹೆದರಿದೆ.

“ಇದನ್ನ ಕೊಟ್ಟೋರು ನೀವೇನಾ? ಮೊಮ್ಮಗಳು ದಿನಾ ಸಂಜೆ ನಂಗೆ ಕನ್ನಡದಲ್ಲಿ ಕತೆ ಏಳ್ತಿದ್ಲು. ಕತೇಲಿರೋ ಉಡ್ಗಿ ಗವಿಯೊಳಕ್ಕೆ ನುಗ್ಗಿದ್ಲು, ಇವ್ಳು ಸ್ಕೂಲ್ ಟೂರಿಗೆ ಒಂಟೋದ್ಲು. ಪಾಪ, ಆ ಮಗು ಆಚೆ ಬತ್ತದೋ ಇಲ್ವೋ?”

ನಾನು ಓದಿದ್ದು ಬೆನ್ನುಡಿ ಮಾತ್ರ. “ಬರ್ತಾಳಮ್ಮ,” ಅಂದುಬಿಟ್ಟೆ.

“ಎಂಗೆ?” ಅಂತ ಅಜ್ಜಿ ಸ್ಟೂಲ್ ಎಳ್ಕೊಂಡು ಕೂತರು.

ಬೆವರು ಒರೆಸಿಕೊಳ್ಳುತ್ತಾ ಮೂರು ಅಧ್ಯಾಯ ನಾನೇ ಕಟ್ಟಿ ಹೇಳಿದೆ. ಅಜ್ಜಿ ಖುಷಿಯಾಗಿ ಹೋದರು. ಮೊಮ್ಮಗಳು ಶನಿವಾರ ವಾಪಸ್ ಬರ್ತಾಳಂತೆ. ಅವತ್ತಿಗೆ ನಾನು ರಜೆ ಹಾಕಿದ್ದೇನೆ.