ಓನರ್ ಬರೆದ ಸಾಲು

"ಈ ಸಾಲು ತೆಗೆಯೋಕೆ ನಿಂಗೆ ಅಷ್ಟು ಧೈರ್ಯ ಎಲ್ಲಿಂದ ಬಂತಮ್ಮ?" ಎಂದು ಮ್ಯಾನೇಜರ್ ನಾನು ಪ್ರೋಗ್ರಾಮಿಗೆ ಬರೆದ ತಿದ್ದುಪಡಿಯ, ಅಂದರೆ ಪ್ಯಾಚಿನ, ಪ್ರಿಂಟ್ ಮೇಲೆ ಬೆರಳಿಟ್ಟು ಕೇಳಿದರು. "ಯಾರು ಬರೆದಿದ್ದು ಅಂತ ನೋಡಿದ್ಯಾ? ಓನರ್ ಬರೆದಿದ್ದು. ಬೇಕಾದ್ರೆ ಹೊಸದು ಸೇರಿಸು, ಹಳೇದು ಮುಟ್ಬೇಡ."

ಎಂಬತ್ತರ ದಶಕದ ಕೊನೆಯಲ್ಲಿ ರಾಜಾಜಿನಗರದ ನಮ್ಮ ಸಣ್ಣ ಕಂಪನಿ ಒಂದು ಕಾರ್ಖಾನೆಗೆ ಪಾಳಿ ಹಂಚುವ ಪ್ರೋಗ್ರಾಂ ಮಾಡಿಕೊಟ್ಟಿತ್ತು. ಓನರ್ ಎಂದೋ ಬರೆದ ಆ ಸಾಲುಗಳ ದೆಸೆಯಿಂದ, ರಾತ್ರಿ ಪಾಳಿ ಮುಗಿಸಿದವರ ಹೆಸರೇ ಮರುಬೆಳಗಿನ ಪಾಳಿಗೂ ಬೀಳುತ್ತಿತ್ತು. ಅದೇ ಕಾರ್ಖಾನೆಯಲ್ಲಿದ್ದ, ಮಾರೇನಹಳ್ಳಿಯ ನಮ್ಮ ಪಕ್ಕದ ಮನೆಯ ಫಿಟ್ಟರ್ ಯಂತ್ರದ ಮುಂದೆ ತೂಕಡಿಸಿ ಬೆರಳು ಜಜ್ಜಿಕೊಂಡಿದ್ದರು. ಆ ಸಾಲುಗಳನ್ನು ತೆಗೆದು, ಸರಿಯಾದದ್ದನ್ನು ಬರೆದು, ಬದಲಾದಷ್ಟನ್ನೇ ಪ್ಯಾಚ್ ಮಾಡಿ ಕೊಟ್ಟಿದ್ದೆ. ಮ್ಯಾನೇಜರ್ ಒಪ್ಪದೆ ಅದು ಮೂಲ ಪ್ರೋಗ್ರಾಮಿಗೆ ಸೇರುವಂತಿರಲಿಲ್ಲ. ಯಾವ ಸಾಲನ್ನು ಯಾರು ಬರೆದರು ಎಂದು ಕಂಪ್ಯೂಟರ್ ನೆನಪಿಡುವುದು ತಪ್ಪು ಹುಡುಕಲಿಕ್ಕೆ. ಈ ಮಹಾಶಯರು ಅದನ್ನು ನೋಡುತ್ತಿದ್ದುದು ಯಾರಿಗೆ ಕೈಮುಗಿಯಬೇಕೆಂದು ತಿಳಿಯಲಿಕ್ಕೆ.

ಅಷ್ಟರಲ್ಲಿ ಓನರ್ ಒಳಗೆ ಬಂದು ಪ್ರಿಂಟ್ ಎತ್ತಿ ನೋಡಿದರು. "ಅಯ್ಯೋ, ಈ ಕಸ ಇನ್ನೂ ಇದ್ಯಾ? ಯಾವತ್ತೋ ಕಿತ್ತು ಬಿಸಾಕ್ಬೇಕಿತ್ತು."

"ಅದನ್ನೇ ಸಾರ್ ಈ ಹುಡುಗಿಗೆ ಹೇಳ್ತಾ ಇದ್ದೆ," ಎಂದರು ಮ್ಯಾನೇಜರ್, ಒಂದಿಷ್ಟೂ ನಾಚಿಕೆಯಿಲ್ಲದೆ. ಆಮೇಲೆ ನನ್ನ ಪ್ಯಾಚನ್ನು ತಾವೇ ಕೂತು ಸೇರಿಸಿದರು.

ಕಾರ್ಮಿಕರಿಗೆ ನಿದ್ದೆ ಸಿಕ್ಕಿತು. ಸೇರಿಸಿದವರನ್ನೇ ಕಂಪ್ಯೂಟರ್ ಬರೆದವರೆಂದು ನೆನಪಿಡುವುದರಿಂದ, ಬರೆದವರ ಜಾಗದಲ್ಲಿ ಮಾತ್ರ ಮ್ಯಾನೇಜರ್ ಹೆಸರು ಕೂತಿತು. ನಾನು ಕೆಲಸ ಬಿಟ್ಟ ಮೇಲೆ ಬಂದವರು ಆ ಸಾಲುಗಳಲ್ಲಿ ತಪ್ಪು ಕಂಡರೂ, ಹೆಸರು ನೋಡಿ ಕೈಮುಗಿದು ಹಾಗೇ ಬಿಟ್ಟಿರುತ್ತಾರೆ.